ಗೋಮಾಳದಿಂದ ಗೂಗಲ್‌ವರೆಗೆ

ಪಿಟ್ಸ್‌ಬರ್ಗ್ ಅಂದ ಕೂಡಲೇ ಅಮೆರಿಕದಲ್ಲಿರೋ ನಮ್ಮವರಿಗೆ ಮೊದಲು ನೆನಪಾಗೋದು ಅಲ್ಲಿನ ವೆಂಕಟೇಶ್ವರ ದೇವಸ್ಥಾನ. ಪೆನ್ ಹಿಲ್ಸ್ ಅನ್ನೋ ಹೊರವಲಯದ ಗುಡ್ಡದ ಮೇಲೆ 1976ರಲ್ಲಿ ಎದ್ದು ನಿಂತ ಗುಡಿ ಅದು. ಊರಿಂದ ಅಪ್ಪ ಅಮ್ಮ ಬಂದರೆ ಕಾರಲ್ಲಿ ಕೂರಿಸಿಕೊಂಡು ಹೋಗೋದು, ದರ್ಶನ ಮುಗಿಸಿ ಪ್ರಸಾದ ತಿನ್ನೋದು, ಆಮೇಲೆ ಡೌನ್‌ಟೌನಿಗೆ ಹೋಗಿ ಮೂರು ನದಿ ಸೇರುವ ಜಾಗದಲ್ಲಿ ಫೋಟೋ ತೆಗೆಸಿಕೊಳ್ಳೋದು. ಇಷ್ಟಾದರೆ ಪಿಟ್ಸ್‌ಬರ್ಗ್ ಮುಗೀತು.

ಆದರೆ ಆ ಗುಡಿಗೂ ಡೌನ್‌ಟೌನಿಗೂ ನಡುವೆ, ಹೈವೇ ಹಿಡಿದವರ ಕಣ್ಣಿಗೆ ಬೀಳದ ಒಂದು ಬಡಾವಣೆ ಇದೆ. ಹೆಸರು ಈಸ್ಟ್ ಲಿಬರ್ಟಿ. ಹಳೆಯ ಪಿಟ್ಸ್‌ಬರ್ಗಿನವರ ಬಾಯಲ್ಲಿ ಅದು ‘ಸ್ಲಿಬರ್ಟಿ’. ಸಾಫ್ಟ್‌ವೇರ್ ಕೆಲಸಕ್ಕೆಂದು ಆ ಊರಲ್ಲಿ ಎರಡು ವರ್ಷ ಬಾಡಿಗೆಗಿದ್ದಾಗ ನಾನು ವಾರಕ್ಕೆ ಮೂರು ಸಲವಾದರೂ ಅಲ್ಲಿಗೆ ಹೋಗುತ್ತಿದ್ದೆ. ಕಾಫಿ, ತರಕಾರಿ, ಬಸ್ಸು ಎಲ್ಲ ಅಲ್ಲೇ. ಅಲ್ಲಿನ ಇತಿಹಾಸ ಓದೋಕೆ ಶುರು ಮಾಡಿದ ಮೇಲೆ ಗೊತ್ತಾಗಿದ್ದು, ಅರವತ್ತು ವರ್ಷದೊಳಗೆ ಆ ಬಡಾವಣೆಯನ್ನು ಎರಡು ಸಲ ‘ಉದ್ಧಾರ’ ಮಾಡಿದ್ದಾರೆ ಅಂತ. ಮೊದಲ ಉದ್ಧಾರ ಸೋತಿತು. ಎರಡನೆಯದು ಗೆದ್ದಿತು. ಎರಡು ಸಲವೂ ಗಂಟುಮೂಟೆ ಕಟ್ಟಿದವರು ಮಾತ್ರ ಒಂದೇ ಜಾತಿಯ ಜನ: ಬಾಡಿಗೆದಾರರು.

ನೀವೂ ಬಾಡಿಗೆ ಮನೆಯಲ್ಲಿದ್ದರೆ ಈ ಕಥೆ ಕೇಳಲೇಬೇಕು.

ಹೆಸರಿನಿಂದಲೇ ಶುರು ಮಾಡೋಣ. ಲಿಬರ್ಟಿ ಅಂದರೆ ಸ್ವಾತಂತ್ರ್ಯ ಅಂತ ನಮಗೆಲ್ಲ ಗೊತ್ತು. ಆದರೆ ಹಳೆಯ ಇಂಗ್ಲಿಷಿನಲ್ಲಿ ಊರಾಚೆಗಿನ, ಎಲ್ಲರ ದನಕರು ಮೇಯುವ ಜಮೀನಿಗೂ ಅದೇ ಹೆಸರಿತ್ತು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಗೋಮಾಳ. ಅಂದರೆ ಈಸ್ಟ್ ಲಿಬರ್ಟಿ ಅನ್ನೋದು ಪಿಟ್ಸ್‌ಬರ್ಗಿನ ಪೂರ್ವದ ಗೋಮಾಳ. ಎಲ್ಲರದ್ದೂ ಆಗಿದ್ದ, ಹಾಗಾಗಿ ಯಾರದ್ದೂ ಅಲ್ಲದ ಜಾಗ.

ಗೋಮಾಳಕ್ಕೆ ಆಗೋದೇ ಇದಕ್ಕೂ ಆಯಿತು. ಸುತ್ತಲಿನ ಜಮೀನು ನೆಗ್ಲಿ ಅನ್ನೋ ಮನೆತನದ ಕೈಸೇರಿತು. 1843ರಲ್ಲಿ ಆ ಮನೆಯ ಮಗಳು ಸಾರಾ ಜೇನ್ ನೆಗ್ಲಿಯನ್ನು ಥಾಮಸ್ ಮೆಲನ್ ಎಂಬ ವಕೀಲ ಮದುವೆಯಾದ. ಮುಂದೆ ಬ್ಯಾಂಕು ಕಟ್ಟಿ ಅಮೆರಿಕದ ಮಹಾ ಶ್ರೀಮಂತ ಮನೆತನಗಳಲ್ಲಿ ಒಂದಕ್ಕೆ ಮೂಲಪುರುಷನಾದವನು ಈತನೇ. ಹೆದ್ದಾರಿ ತನ್ನ ಜಮೀನಿನ ಮೂಲಕವೇ ಹಾಯಬೇಕು ಅನ್ನೋದನ್ನು ನೆಗ್ಲಿ ಮನೆತನ ನೋಡಿಕೊಂಡಿತು. ಟ್ರಾಲಿ ಗಾಡಿಗಳ ಕಾಲ ಬಂದಾಗ ಮೆಲನ್ ಮನೆತನವೂ ಅದನ್ನೇ ಮಾಡಿತು. 1868ರಲ್ಲಿ ಬಡಾವಣೆ ಪಿಟ್ಸ್‌ಬರ್ಗ್ ನಗರಕ್ಕೆ ಸೇರಿತು. ರಸ್ತೆ ಬಂದಲ್ಲಿಗೆ ಅಂಗಡಿ ಬಂತು, ಅಂಗಡಿ ಬಂದಲ್ಲಿಗೆ ಸಿನಿಮಾ ಥಿಯೇಟರ್ ಬಂತು. ಇಪ್ಪತ್ತನೇ ಶತಮಾನದ ಮಧ್ಯದ ಹೊತ್ತಿಗೆ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಫಿಲಡೆಲ್ಫಿಯಾ ಮತ್ತು ಪಿಟ್ಸ್‌ಬರ್ಗಿನ ಡೌನ್‌ಟೌನ್‌ಗಳನ್ನು ಬಿಟ್ಟರೆ ವ್ಯಾಪಾರದಲ್ಲಿ ಮೂರನೆಯದು ಈಸ್ಟ್ ಲಿಬರ್ಟಿ ಅಂತ ಹೇಳಿಕೊಳ್ಳುತ್ತಿದ್ದರು. 1930ರ ದಶಕದಲ್ಲಿ ಮೆಲನ್ ಮನೆತನದವರೇ ಅಲ್ಲಿ ಒಂದು ಭಾರೀ ಪ್ರೆಸ್ಬಿಟೇರಿಯನ್ ಚರ್ಚ್ ಕಟ್ಟಿಸಿದರು. ಊರಿನವರು ಅದಕ್ಕೆ ಇಟ್ಟ ಅಡ್ಡಹೆಸರು ‘ಮೆಲನ್ನರ ಫೈರ್ ಎಸ್ಕೇಪ್’. ನರಕದ ಬೆಂಕಿಯಿಂದ ತಪ್ಪಿಸಿಕೊಳ್ಳೋ ಮೆಟ್ಟಿಲು ಅನ್ನೋ ಕುಹಕ!

ಇಷ್ಟು ಚೆನ್ನಾಗಿದ್ದ ಪೇಟೆ ಬಿದ್ದುಹೋಗಿದ್ದು ಹೇಗೆ? ಅದನ್ನು ತಿಳಿಯೋಕೆ ನಾಲ್ಕೈದು ಮೈಲಿ ಪಶ್ಚಿಮಕ್ಕೆ, ಡೌನ್‌ಟೌನಿಗೆ ಅಂಟಿಕೊಂಡೇ ಇರುವ ಹಿಲ್ ಡಿಸ್ಟ್ರಿಕ್ಟ್ ಎಂಬ ಗುಡ್ಡದ ಬಡಾವಣೆಗೆ ಹೋಗಬೇಕು.

ಎರಡನೇ ಮಹಾಯುದ್ಧ ಮುಗಿದಾಗ ಪಿಟ್ಸ್‌ಬರ್ಗ್ ಹೊಗೆಯಲ್ಲಿ ಮುಳುಗಿದ್ದ ಊರು. ಉಕ್ಕಿನ ಕಾರ್ಖಾನೆಗಳ ಮಸಿಗೆ ಮಟಮಟ ಮಧ್ಯಾಹ್ನವೂ ಬೀದಿದೀಪ ಹಚ್ಚಬೇಕಾದ ದಿನಗಳಿದ್ದವು. 1946ರಲ್ಲಿ ಮೇಯರ್ ಆದ ಡೇವಿಡ್ ಲಾರೆನ್ಸ್ ಡೆಮಾಕ್ರಟ್ ಪಕ್ಷದವರು. ಥಾಮಸ್ ಮೆಲನ್ನನ ಮೊಮ್ಮಗ ರಿಚರ್ಡ್ ಕಿಂಗ್ ಮೆಲನ್ ರಿಪಬ್ಲಿಕನ್ ಪಕ್ಷದ ಬ್ಯಾಂಕರ್. ಹಾವು ಮುಂಗುಸಿಯಂತಿರಬೇಕಾದ ಇಬ್ಬರೂ ಊರನ್ನು ಉಳಿಸಲು ಕೈ ಜೋಡಿಸಿದರು. ಹೊಗೆ ಇಳಿಯಿತು, ನದಿ ಸೇರುವಲ್ಲಿ ಪಾರ್ಕ್ ಬಂತು. ಇವತ್ತು ನಾವು ಫೋಟೋ ತೆಗೆಸಿಕೊಳ್ಳೋ ಜಾಗ ಅವರ ಕಾಣಿಕೆಯೇ. ಇದನ್ನು ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಇದು ಖಳನಾಯಕರ ಕಥೆ ಅಲ್ಲ.

ಅದೇ ಹುಮ್ಮಸ್ಸಿನಲ್ಲಿ ಅವರ ಕಣ್ಣು ಹಿಲ್ ಡಿಸ್ಟ್ರಿಕ್ಟಿನ ಕೆಳಭಾಗದ ಮೇಲೆ ಬಿತ್ತು. ಇಕ್ಕಟ್ಟಿನ ಬೀದಿಗಳು, ಹಳೆಯ ಮನೆಗಳು. ಕಪ್ಪು ಜನರೇ ಹೆಚ್ಚು, ಜೊತೆಗೆ ಇಟಾಲಿಯನ್ನರು, ಯಹೂದಿಗಳು, ಸಿರಿಯನ್ನರು. ಜಾಜ್ ಕ್ಲಬ್ಬುಗಳಿಗೆ ದೇಶದಲ್ಲೆಲ್ಲ ಹೆಸರಾದ ಜಾಗ. ನಾಟಕಕಾರ ಆಗಸ್ಟ್ ವಿಲ್ಸನ್ ಹುಟ್ಟಿ ಬೆಳೆದದ್ದು ಇದೇ ಹಿಲ್ ಡಿಸ್ಟ್ರಿಕ್ಟಿನಲ್ಲಿ. ಆದರೆ 1930ರ ದಶಕದ ಗೃಹಸಾಲದ ನಕಾಶೆಯಲ್ಲಿ ಈ ಗುಡ್ಡಕ್ಕೆ ಕೆಂಪು ಬಣ್ಣ ಬಳಿದಿದ್ದರು. ಕೆಂಪು ಅಂದರೆ ಇಲ್ಲಿ ಸಾಲ ಕೊಡುವುದು ಅಪಾಯ ಅಂತ ಅರ್ಥ. ಸಾಲ ಸಿಗದಿದ್ದರೆ ರಿಪೇರಿ ಇಲ್ಲ. ರಿಪೇರಿ ಇಲ್ಲದಿದ್ದರೆ ಮನೆ ಹಾಳು. ಹಾಳಾದ ಮೇಲೆ ನೋಡಿದವರು ‘ಇದು ಸ್ಲಂ, ಕೆಡವಬೇಕು’ ಅಂದರು.

ಕೆಡವೋಕೆ ಕಾನೂನೂ ಸಿದ್ಧವಾಗಿತ್ತು. 1949ರ ವಸತಿ ಕಾಯ್ದೆಯ ಲೆಕ್ಕ ಸರಳ. ನಗರ ಬಲವಂತವಾಗಿ ಜಮೀನು ಸ್ವಾಧೀನ ಮಾಡಿಕೊಂಡು, ಕಟ್ಟಡ ಕೆಡವಿ, ಖಾಲಿ ಜಾಗವನ್ನು ಅಗ್ಗಕ್ಕೆ ಬಿಲ್ಡರುಗಳಿಗೆ ಮಾರಬಹುದು. ಆಗುವ ನಷ್ಟದಲ್ಲಿ ಮೂರರಲ್ಲಿ ಎರಡು ಪಾಲು ಕೇಂದ್ರ ಸರ್ಕಾರದ್ದು. ಅದೂ ಸಾಲದು ಅಂತ 1954ರಲ್ಲಿ ಬರ್ಮನ್ ವರ್ಸಸ್ ಪಾರ್ಕರ್ ಎಂಬ ವಾಷಿಂಗ್ಟನ್ನಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಮಾತು ಸ್ಪಷ್ಟ ಮಾಡಿತು: ಬಡಾವಣೆ ಒಟ್ಟಾರೆ ಕೆಟ್ಟಿದೆ ಅಂತಾದರೆ, ಅದರೊಳಗಿನ ಚೆನ್ನಾಗಿರೋ ಕಟ್ಟಡವನ್ನೂ ಸ್ವಾಧೀನ ಮಾಡಿಕೊಳ್ಳಬಹುದು. ನಿಮ್ಮ ಅಂಗಡಿ ಗಟ್ಟಿಮುಟ್ಟಾಗಿದ್ದರೂ ಪಕ್ಕದ ಬೀದಿ ಸೋರುತ್ತಿದ್ದರೆ ಸಾಕು.

1956ರಲ್ಲಿ ಕೆಡವುವ ಕೆಲಸ ಶುರುವಾಯಿತು. 95 ಎಕರೆ. ಸುಮಾರು 8,000 ಜನ. 400ಕ್ಕೂ ಹೆಚ್ಚು ಅಂಗಡಿ, ವ್ಯಾಪಾರಗಳು. ಆ ಜಾಗದಲ್ಲಿ 1961ರಲ್ಲಿ ಸಿವಿಕ್ ಅರೀನಾ ತೆರೆಯಿತು. ಮಳೆ ಇಲ್ಲದ ರಾತ್ರಿ ನಕ್ಷತ್ರ ನೋಡುತ್ತಾ ಸಂಗೀತ ಕೇಳಲಿ ಅಂತ ತೆರೆದು ಮುಚ್ಚುವ ಉಕ್ಕಿನ ಗುಮ್ಮಟ ಅದಕ್ಕೆ. ಮೊದಲು ಯೋಚಿಸಿದ್ದು ಸಂಗೀತ ನಾಟಕಗಳಿಗಾಗಿ. ಕೊನೆಗೆ ಅದು ಹೆಸರಾಗಿದ್ದು ಐಸ್ ಹಾಕಿಗೆ. ಸುತ್ತ ಬರಬೇಕಿದ್ದ ಕಲಾಕೇಂದ್ರಗಳು ಬರಲೇ ಇಲ್ಲ, ಬಂದಿದ್ದು ಪಾರ್ಕಿಂಗ್. ಗುಡ್ಡದ ಮೇಲ್ಭಾಗವನ್ನೂ ಕೆಡವಲು ಹೊರಟಾಗ, ಕ್ರಾಫರ್ಡ್ ಬೀದಿಯ ಮೂಲೆಯಲ್ಲಿ ಜನ ದೊಡ್ಡ ಫಲಕ ನೆಟ್ಟರು. ಇಲ್ಲಿಂದ ಮುಂದೆ ನಿಮ್ಮ ಪುನರಭಿವೃದ್ಧಿ ಬೇಡ ಅನ್ನೋದು ಅದರ ಸಾರ. ಬುಲ್ಡೋಜರ್ ಅಲ್ಲಿಗೆ ನಿಂತಿತು.

ಹೊರಬಿದ್ದ ಅಷ್ಟೂ ಜನ ಎಲ್ಲಿಗೆ ಹೋದರು? ಮನೆ ಸ್ವಂತದ್ದಾಗಿದ್ದವರಿಗೆ ಕಡಿಮೆಯೋ ಹೆಚ್ಚೋ ಒಂದು ಬೆಲೆ ಸಿಕ್ಕಿತು. ಆದರೆ ಬಹುಪಾಲು ಜನ ಬಾಡಿಗೆಗೆ ಇದ್ದವರು. ಕೆಲವರು ಸರ್ಕಾರಿ ವಸತಿಗೆ ಹೋದರು. ಹಲವರು ಪೂರ್ವಕ್ಕೆ ಹೋದರು, ಹೋಮ್‌ವುಡ್ ಎಂಬ ಬಡಾವಣೆಗೆ, ಮತ್ತೆ ನಮ್ಮ ಈಸ್ಟ್ ಲಿಬರ್ಟಿಗೆ. ಇತ್ತ ಅಲ್ಲಿದ್ದ ಬಿಳಿಯರು ಕಾರು ಕೊಂಡು ಇನ್ನೂ ಆಚೆಗಿನ ಹೊಸ ಉಪನಗರಗಳಿಗೆ ಹೊರಟಿದ್ದರು. ಅವರ ಜೊತೆಗೆ ಗಿರಾಕಿಗಳೂ ಹೊರಟರು.

ಈಸ್ಟ್ ಲಿಬರ್ಟಿಯ ವ್ಯಾಪಾರಿಗಳಿಗೆ ಗಾಬರಿಯಾಗಿದ್ದು ಆಗ. ಉಪನಗರದ ಶಾಪಿಂಗ್ ಸೆಂಟರುಗಳಲ್ಲಿ ಪಾರ್ಕಿಂಗ್ ಇದೆ, ನಮ್ಮಲ್ಲಿಲ್ಲ. ಹಾಗಾದ್ರೆ ನಮ್ಮ ಪೇಟೆಯನ್ನೇ ಮಾಲ್ ಮಾಡಿಬಿಡೋಣ! 1960ರ ದಶಕದ ಯೋಜನೆಯ ತಿರುಳು ಇಷ್ಟೇ. ಹತ್ತು ಲಕ್ಷ ಚದರ ಅಡಿಗೂ ಹೆಚ್ಚು ಅಂಗಡಿ ಜಾಗ ಕೆಡವಿದರು. ಮುಖ್ಯ ಬೀದಿಯಾದ ಪೆನ್ ಅವೆನ್ಯೂಗೆ ವಾಹನ ಬಿಡದೆ ನಡೆದಾಡುವವರಿಗೆ ಮಾತ್ರ ಮೀಸಲಿಟ್ಟರು. ಸುತ್ತ ಪೆನ್ ಸರ್ಕಲ್ ಅಂತ ಏಕಮುಖ ಸಂಚಾರದ ಅಗಲವಾದ ವರ್ತುಲ ರಸ್ತೆ ಹಾಕಿದರು. ಅದರ ಬದಿಗೆ ವಿಶಾಲ ಪಾರ್ಕಿಂಗ್ ಬಯಲು. ಅಂಚಿನಲ್ಲಿ ಬಡವರಿಗೆ ಗೋಪುರದಂಥ ವಸತಿ ಕಟ್ಟಡಗಳು. ಅದರಲ್ಲಿ ಒಂದಂತೂ ಪೆನ್ ಅವೆನ್ಯೂ ಮೇಲೇ ಕಾಲು ಅಗಲಿಸಿ ನಿಂತಿತ್ತು, ರಸ್ತೆ ಅದರ ಹೊಟ್ಟೆಯ ಕೆಳಗೆ ಹಾಯುತ್ತಿತ್ತು.

ಕಾಗದದ ಮೇಲೆ ಎಲ್ಲ ಚಂದ. ನಡೆದಿದ್ದೇ ಬೇರೆ. ವರ್ತುಲ ರಸ್ತೆಗೆ ಬಿದ್ದ ಕಾರು ಅಂಗಡಿಗಳನ್ನು ನೋಡದೆಯೇ ಸುತ್ತು ಹಾಕಿ ಆಚೆ ಹೋಗಿಬಿಡುತ್ತಿತ್ತು. ಅಕ್ಕಪಕ್ಕದ ಮನೆಗಳಿಂದ ನಡೆದು ಬರುವವರಿಗೆ ಅದೇ ರಸ್ತೆ ಕಂದಕವಾಯಿತು. 1959ರಲ್ಲಿ ಈಸ್ಟ್ ಲಿಬರ್ಟಿಯಲ್ಲಿ 575 ವ್ಯಾಪಾರಗಳಿದ್ದವು. 1969ರಲ್ಲಿ 292. 1979ರಲ್ಲಿ 98. ಈ ಮೂರು ಅಂಕಿಗಳನ್ನು ಒಂದರ ಕೆಳಗೊಂದು ಬರೆದು ನೋಡಿ, ಬೇರೆ ವಿವರಣೆಯೇ ಬೇಡ. ಯಾವುದರ ಜೊತೆ ಪೈಪೋಟಿ ಮಾಡಲು ಹೊರಟಿದ್ದರೋ ಆ ಉಪನಗರದಲ್ಲಿ 1969ರಲ್ಲಿ ಮನ್ರೋವಿಲ್ ಮಾಲ್ ತೆರೆಯಿತು. ಆಮೇಲೆ 1980ರ ದಶಕದಲ್ಲಿ ಉಕ್ಕಿನ ಉದ್ಯಮವೇ ಕುಸಿಯಿತು. 1950ರಲ್ಲಿ 6,76,806 ಇದ್ದ ಪಿಟ್ಸ್‌ಬರ್ಗಿನ ಜನಸಂಖ್ಯೆ 2020ರ ಗಣತಿಯಲ್ಲಿ 3,02,971. ಅರ್ಧಕ್ಕಿಂತ ಕಡಿಮೆ.

ಇಲ್ಲಿಗೆ ಮೊದಲ ಉದ್ಧಾರ ಮುಗಿಯಿತು. ನಗರ ಯೋಜನೆ ಓದುವ ಹುಡುಗರಿಗೆ ‘ಹೀಗೆ ಮಾಡಬಾರದು’ ಅಂತ ಹೇಳಿಕೊಡೋಕೆ ಒಳ್ಳೆಯ ಪಾಠ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಎರಡನೆಯದು. ಯಾಕಂದ್ರೆ ಅಲ್ಲಿ ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು.

1979ರಲ್ಲಿ ಸ್ಥಳೀಯರು ಈಸ್ಟ್ ಲಿಬರ್ಟಿ ಡೆವಲಪ್‌ಮೆಂಟ್ ಅನ್ನೋ ಲಾಭರಹಿತ ಸಂಸ್ಥೆ ಕಟ್ಟಿಕೊಂಡರು. ವಾಹನಗಳು ಪೆನ್ ಅವೆನ್ಯೂಗೆ ಮರಳಿದವು. ಡೌನ್‌ಟೌನಿಂದ ಬಸ್ಸುಗಳಿಗೇ ಮೀಸಲಾದ ಈಸ್ಟ್ ಬಸ್‌ವೇ 1983ರಲ್ಲಿ ಬಂತು. ಖಾಲಿ ಬಿದ್ದಿದ್ದ ಸಿಯರ್ಸ್ ಜಾಗದಲ್ಲಿ 2000ದಲ್ಲಿ ಹೋಮ್ ಡಿಪೋ ತೆರೆಯಿತು. 2002ರಲ್ಲಿ ಹೋಲ್ ಫುಡ್ಸ್ ಬಂತು. ಗೋಪುರ ವಸತಿಗಳನ್ನು 2005ರಿಂದ 2009ರ ಹೊತ್ತಿಗೆ ಕೆಡವಿ, ಬೇರೆ ಬೇರೆ ಆದಾಯದವರು ಕೂಡಿ ಬಾಳುವ ಸಣ್ಣ ಮನೆಗಳನ್ನು ಕಟ್ಟಿದರು. ನೋಡಿಕೊಳ್ಳದ ಮಾಲೀಕರ ಹಾಳು ಮನೆಗಳನ್ನು ಸಂಸ್ಥೆಯೇ ಕೊಂಡು ರಿಪೇರಿ ಮಾಡಿತು, ಅಪರಾಧ ಇಳಿಯಿತು. ವರ್ತುಲ ರಸ್ತೆಯನ್ನು ಮತ್ತೆ ದ್ವಿಮುಖ ಮಾಡಿ ಬೀದಿಗಳಾಗಿ ಬಿಡಿಸಿದರು. ಪೆನ್ ಸರ್ಕಲ್ ಸೌತ್ ಅಂತಿದ್ದದ್ದು ಈಗ ಸೆಂಟರ್ ಅವೆನ್ಯೂ.

ಹತ್ತಿರದಲ್ಲೇ ನಬಿಸ್ಕೋ ಬಿಸ್ಕತ್ ಕಾರ್ಖಾನೆ ಇತ್ತು. 1918ರಲ್ಲಿ ಶುರುವಾಗಿ 1998ರವರೆಗೆ ನಬಿಸ್ಕೋ ನಡೆಸಿದ ಕಾರ್ಖಾನೆ. ಬಿಸ್ಕತ್ ಬೇಯುವ ಪರಿಮಳ ಸುತ್ತಲಿನ ಬೀದಿಗಳಿಗೆಲ್ಲ ಹರಡುತ್ತಿತ್ತು ಅಂತ ಹಳಬರು ಈಗಲೂ ಹೇಳ್ತಾರೆ. ಆ ಇಟ್ಟಿಗೆ ಕಟ್ಟಡವನ್ನೇ ನವೀಕರಿಸಿ ಬೇಕರಿ ಸ್ಕ್ವೇರ್ ಅಂತ ಹೆಸರಿಟ್ಟರು. 2010ರಲ್ಲಿ ಅಲ್ಲಿಗೆ ಗೂಗಲ್ ಬಂತು. ಭಾಷೆ ಕಲಿಸುವ ಡುವೊಲಿಂಗೊ ಆಪ್ ನಿಮ್ಮ ಫೋನಿನಲ್ಲಿದೆಯಾ? ಆ ಕಂಪನಿಯ ಮುಖ್ಯ ಕಚೇರಿ ಇರೋದೂ ಈಸ್ಟ್ ಲಿಬರ್ಟಿಯಲ್ಲೇ. ಗೋಮಾಳ ಹೀಗೆ ಗೂಗಲ್‌ವರೆಗೆ ಬಂತು.

ಅಂಗಡಿ ಬಂತು, ಕೆಲಸ ಬಂತು, ಬಸ್ಸು ಬಂತು. ಮೊದಲ ಸಲ ಮಾಡಿದ ತಪ್ಪನ್ನೆಲ್ಲ ಒಂದೊಂದಾಗಿ ತಿದ್ದಿದರು. ಇನ್ನೇನು ಬೇಕು?

2015ರ ಬೇಸಿಗೆಯಲ್ಲಿ ಪೆನ್ ಪ್ಲಾಜಾ ಎಂಬ ಅಪಾರ್ಟ್‌ಮೆಂಟಿನ ನಿವಾಸಿಗಳಿಗೆ ನೋಟಿಸ್ ಬಂತು. 1960ರ ದಶಕದ ಎರಡು ಕಟ್ಟಡಗಳು, 200ಕ್ಕೂ ಹೆಚ್ಚು ಮನೆಗಳವರು, ಹೆಚ್ಚಿನವರು ಕಪ್ಪು ಜನ. ವಯಸ್ಸಾದವರೂ ಅಂಗವಿಕಲರೂ ಅದರಲ್ಲಿದ್ದರು. 90 ದಿನದಲ್ಲಿ ಖಾಲಿ ಮಾಡಿ ಅನ್ನೋದು ನೋಟಿಸಿನ ಸಾರ. ಬಡಾವಣೆ ಬಿದ್ದಿದ್ದಾಗ ಆ ಬಾಡಿಗೆ ಮನೆಗಳು ಯಾರಿಗೂ ಬೇಡವಾಗಿದ್ದವು. ಎದ್ದ ಮೇಲೆ ಮನೆಗಿಂತ ಅದರ ಕೆಳಗಿನ ಜಾಗವೇ ಬೆಲೆಬಾಳತೊಡಗಿತು. ಪ್ರತಿಭಟನೆಯಾಯಿತು, ಮೇಯರ್ ಬಿಲ್ ಪೆಡೂಟೊ ಮಾತುಕತೆ ನಡೆಸಿದರು. ಒಂದು ಕಟ್ಟಡದವರಿಗೆ 2016ರ ಫೆಬ್ರವರಿವರೆಗೆ, ಇನ್ನೊಂದರವರಿಗೆ 2017ರ ಮಾರ್ಚ್‌ವರೆಗೆ ಸಮಯ ಸಿಕ್ಕಿತು. ಆಮೇಲೆ ಎರಡೂ ಕಟ್ಟಡ ಹೋದವು. ಆ ಜಾಗಕ್ಕೆ ಬರಬೇಕಿದ್ದ ಹೋಲ್ ಫುಡ್ಸ್, ವಿವಾದದ ಬಿಸಿ ತಟ್ಟಿ ಹಿಂದೆ ಸರಿಯಿತು. ಮತ್ತೆ ಒಪ್ಪಿಕೊಂಡು 2022ರಲ್ಲಿ ಅಲ್ಲೇ ದೊಡ್ಡ ಅಂಗಡಿ ತೆರೆಯಿತು.

ಇಲ್ಲೊಂದು ಕಾನೂನಿನ ಸೂಕ್ಷ್ಮ ಇದೆ, ಅದನ್ನು ಗಮನಿಸಿ. 1950ರ ದಶಕದ ಅನ್ಯಾಯಗಳಿಂದ ಅಮೆರಿಕ ಪಾಠ ಕಲಿಯಲೇ ಇಲ್ಲ ಅನ್ನೋ ಹಾಗಿಲ್ಲ. 1970ರಲ್ಲಿ ಒಂದು ಕಾಯ್ದೆ ಬಂತು. ಅದರ ಪ್ರಕಾರ ಕೇಂದ್ರದ ಹಣದ ಯೋಜನೆಯಿಂದ ಜನ ಎದ್ದು ಹೋಗಬೇಕಾದರೆ ಬಾಡಿಗೆದಾರರಿಗೂ ಸಾಗಾಟದ ಖರ್ಚು ಕೊಡಬೇಕು, ಸರಿಸಮಾನ ಮನೆ ಹುಡುಕಲು ನೆರವಾಗಬೇಕು. ಒಳ್ಳೆಯ ಕಾಯ್ದೆ. ಆದರೆ ಪೆನ್ ಪ್ಲಾಜಾದಲ್ಲಿ ಜನರನ್ನು ಎಬ್ಬಿಸಿದ್ದು ಸರ್ಕಾರ ಅಲ್ಲ, ಖಾಸಗಿ ಮಾಲೀಕರು. ಬುಲ್ಡೋಜರ್ ಸರ್ಕಾರದ್ದಾಗಿದ್ದರೆ ಬಾಡಿಗೆದಾರನಿಗೆ ಒಂದು ಹಕ್ಕಿರುತ್ತಿತ್ತು. ಮಾರುಕಟ್ಟೆಯದ್ದಾದ್ದರಿಂದ ಉಳಿದಿದ್ದು ಮೇಯರ್ ನಡೆಸಿದ ಮಾತುಕತೆ ಮಾತ್ರ. ಹಳೆಯ ಬಾಗಿಲು ಭದ್ರ ಮಾಡಿದ್ದರು, ನೆಂಟರು ಈ ಸಲ ಹಿತ್ತಿಲಿಂದ ಬಂದರು.

‘ಹಾಗಾದ್ರೆ ಏನ್ ಮಾಡ್ಬೇಕಿತ್ತು? ಪಾಳು ಬಿದ್ದ ಬಡಾವಣೆಯನ್ನು ಹಾಗೇ ಬಿಡಬೇಕಿತ್ತಾ?’ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 98 ಅಂಗಡಿ ಉಳಿದ ಪೇಟೆಯಲ್ಲಿ ಬದುಕುವುದು ಯಾರಿಗೂ ಖುಷಿಯ ವಿಷಯ ಅಲ್ಲ. ತಾಜಾ ತರಕಾರಿ ಸಿಗೋದು, ರಾತ್ರಿ ಧೈರ್ಯವಾಗಿ ನಡೆಯೋದು ಬಡವರಿಗೂ ಬೇಕು. ನನ್ನ ಮಾತು ಅದಲ್ಲ. ಸುಧಾರಣೆಗೆ ಒಂದು ಕ್ರಮ ಇದೆ. ಜಾಗಕ್ಕೆ ಬೆಲೆ ಬರುವ ಮೊದಲೇ ‘ಇಲ್ಲಿರೋರು ಇಲ್ಲೇ ಇರೋದು ಹೇಗೆ’ ಅನ್ನೋದನ್ನು ಕಾಗದದ ಮೇಲೆ ಬರೆದಿಡಬೇಕು. ಬೆಲೆ ಏರಿದ ಮೇಲೆ ಹೊರಟರೆ ಹತ್ತು ಪಟ್ಟು ಹಣ ಬೇಕು, ಅಷ್ಟು ಹೊತ್ತಿಗೆ ಜನರೂ ಹೋಗಿರ್ತಾರೆ. ಪಿಟ್ಸ್‌ಬರ್ಗ್ ಅದನ್ನು ಮಾಡಿತು, ಆದರೆ ಪೆನ್ ಪ್ಲಾಜಾ ಆದ ಮೇಲೆ. ಕೈಗೆಟುಕುವ ಮನೆಗಳಿಗೆಂದು ವರ್ಷಕ್ಕೆ ಒಂದು ಕೋಟಿ ಡಾಲರಿನ ನಿಧಿ ಬಂತು. 2019ರಲ್ಲಿ ಲಾರೆನ್ಸ್‌ವಿಲ್ ಎಂಬ ಇನ್ನೊಂದು ಬಡಾವಣೆಯಲ್ಲಿ ಹೊಸ ನಿಯಮ ಬಂತು: 20 ಅಥವಾ ಹೆಚ್ಚು ಮನೆಗಳ ಯೋಜನೆಯಲ್ಲಿ 10 ಶೇಕಡ ಮನೆಗಳು ಕಡಿಮೆ ಆದಾಯದವರ ಕೈಗೆಟುಕಬೇಕು. ಆಮೇಲೆ ಬೇರೆ ಕೆಲವು ಬಡಾವಣೆಗಳಿಗೂ ಅದು ಹಬ್ಬಿತು. ಪೆನ್ ಪ್ಲಾಜಾದವರಿಗೆ ಇದು ಯಾವುದೂ ಸಿಗಲಿಲ್ಲ.

ನಮ್ಮಂಥವರ ಸ್ಥಾನ ಇದರಲ್ಲಿ ವಿಚಿತ್ರವಾದದ್ದು. ಕೆಲಸ ಸಿಕ್ಕ ಊರಲ್ಲಿ ಆಫೀಸಿಗೆ ಹತ್ತಿರ, ಕೆಳಗೆ ಕಾಫಿ ಸಿಗೋ ಕಡೆ ಮನೆ ಹುಡುಕ್ತೀವಿ. ಕೇಳಿದ ಬಾಡಿಗೆ ಕೊಡ್ತೀವಿ. ಅದರಲ್ಲಿ ತಪ್ಪೇನಿಲ್ಲ. ಆದರೆ ನಾವು ಕೊಡಬಲ್ಲ ಬಾಡಿಗೆಯೇ ಆ ಬೀದಿಯ ಮುಂದಿನ ದರ ಆಗುತ್ತೆ. ಅದೇ ಹೊತ್ತಿಗೆ ನಮ್ಮ ಕೈಯಲ್ಲಿರೋದೂ ಅವರ ಕೈಯಲ್ಲಿದ್ದಂಥದ್ದೇ ಕರಾರುಪತ್ರ. ನಾಳೆ ನಮಗಿಂತ ಹೆಚ್ಚು ಕೊಡುವವರು ಬಂದರೆ ನಾವೂ ಮೂಟೆ ಕಟ್ಟುವವರೇ. ನಮಗೆ ಇನ್ನೊಂದು ಮನೆ ಸಿಗುತ್ತೆ, ವ್ಯತ್ಯಾಸ ಅಷ್ಟೇ. ಹಾಗಾಗಿ ಬಾಡಿಗೆದಾರನ ಹಕ್ಕು ಅನ್ನೋದು ಬಡವರ ವಿಷಯ ಅಂತ ಪಕ್ಕಕ್ಕೆ ಸರಿಸೋಕೆ ನನಗಂತೂ ಆಗಲ್ಲ.

ಇನ್ನು ಕೆಳಗಿನ ಹಿಲ್ ಡಿಸ್ಟ್ರಿಕ್ಟಿನ ಕಥೆ ಏನಾಯ್ತು ಅಂತ ಹೇಳಿ ಮುಗಿಸ್ತೀನಿ. ಐವತ್ತು ವರ್ಷ ತುಂಬುವ ಹೊತ್ತಿಗೆ ಅರೀನಾಗೂ ವಯಸ್ಸಾಯಿತು. 2010ರಲ್ಲಿ ಹಾಕಿ ತಂಡ ಪೆಂಗ್ವಿನ್ಸ್ ಎದುರುಗಡೆಯ ಹೊಸ ಕ್ರೀಡಾಂಗಣಕ್ಕೆ ಹೋಯಿತು. 2012ರ ಹೊತ್ತಿಗೆ ಆ ಉಕ್ಕಿನ ಗುಮ್ಮಟವನ್ನೂ ಕೆಡವಿದರು. ಯಾವುದಕ್ಕಾಗಿ 8,000 ಜನರನ್ನು ಎಬ್ಬಿಸಿದ್ದರೋ ಅದೇ ಈಗ ಇಲ್ಲ. 28 ಎಕರೆ ಜಾಗದ ಹೆಚ್ಚಿನ ಭಾಗ ವರ್ಷಗಟ್ಟಲೆ ಪಾರ್ಕಿಂಗ್ ಬಯಲಾಗಿಯೇ ಇತ್ತು.

1957ರಲ್ಲಿ ಅಲ್ಲಿ ಕೆಡವಿದ ಕಟ್ಟಡಗಳಲ್ಲಿ ಬೆಥೆಲ್ ಎಂಬ ಕಪ್ಪು ಜನರ ಹಳೆಯ ಚರ್ಚೂ ಒಂದು. ಹತ್ತಿರದ ಎಪಿಫನಿ ಎಂಬ ಕ್ಯಾಥೊಲಿಕ್ ಚರ್ಚನ್ನು ಮುಟ್ಟಲಿಲ್ಲ, ಬೆಥೆಲನ್ನು ಉಳಿಸಲಿಲ್ಲ. ಚರ್ಚಿನವರು ಈ ಮಾತನ್ನು ಮರೆಯಲೂ ಇಲ್ಲ, ಮರೆಯಲು ಬಿಡಲೂ ಇಲ್ಲ. ಕೊನೆಗೆ 2023ರಲ್ಲಿ, ಆ ಜಾಗದ ಅಭಿವೃದ್ಧಿ ಹಕ್ಕು ಪಡೆದಿದ್ದ ಪೆಂಗ್ವಿನ್ಸ್ ಸುಮಾರು ಒಂದೂವರೆ ಎಕರೆಯನ್ನು ಬೆಥೆಲ್‌ಗೆ ಕೊಡಲು ಒಪ್ಪಿತು. 66 ವರ್ಷ ತಡವಾಗಿ ಬಂದ ನ್ಯಾಯ. ಬಂತಲ್ಲ ಅಂತ ಓದಿದಾಗ ಖುಷಿಯಾಯಿತು.

ಅದು ಬರಲು ಕಾರಣ ಇತ್ತು. ಚರ್ಚಿನ ಹೆಸರಿನಲ್ಲಿ ಜಾಗ ಇತ್ತು, ಪತ್ರ ಇತ್ತು, ಕೇಳಲು ಒಂದು ಸಭೆ ಉಳಿದಿತ್ತು. ಅದೇ ಬೀದಿಗಳಲ್ಲಿ ಬಾಡಿಗೆಗಿದ್ದ ಸಾವಿರಾರು ಜನರ ಹೆಸರಲ್ಲಿ ಯಾವ ಪತ್ರವೂ ಇರಲಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಇವತ್ತು ಬಂದು ‘ನಮ್ಮದು ಇಲ್ಲಿತ್ತು’ ಅಂದರೆ, ಕೈಯಲ್ಲಿ ಹಿಡಿದು ತೋರಿಸೋಕೆ ಒಂದು ಬಾಡಿಗೆ ರಸೀದಿಯಾದರೂ ಉಳಿದಿರುತ್ತಾ?